ಹಗಲನ್ನು ಅಳೆದು ಟಿಕೆಟ್ ತೆಗೆಸಿ

"ಇಂಗ್ಲೆಂಡಿಗೆ ಯಾವ ತಿಂಗಳು ಹೋದರೆ ಒಳ್ಳೆಯದು?" ಮಗಳೋ ಮಗನೋ ಅಲ್ಲಿ ಕೆಲಸಕ್ಕೆ ಸೇರಿದ ಮನೆಗಳಲ್ಲಿ ವೀಸಾ ಅರ್ಜಿಗಿಂತ ಮೊದಲೇ ಏಳುವ ಪ್ರಶ್ನೆ ಇದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಜೂನ್‌ನಿಂದ ಆಗಸ್ಟ್, ಆಗ ಚಳಿ ಇರುವುದಿಲ್ಲ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಎಲ್ಲೋ ಚುಚ್ಚುತ್ತದೆ. ಕರ್ನಾಟಕಕ್ಕೆ ಯಾವ ತಿಂಗಳು ಬರಲಿ ಎಂದು ಹೊರಗಿನವರು ಕೇಳಿದರೆ ನಾವು ಹೀಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತೇವೆಯೇ? ಜೋಗಕ್ಕಾದರೆ ಮಳೆ ಹಿಡಿದಿರುವಾಗ ಬನ್ನಿ, ಹಂಪಿಗಾದರೆ ಕಾರ್ತಿಕ ಕಳೆಯಲಿ, ಏಪ್ರಿಲ್‌ನಲ್ಲಿ ಹೇಮಕೂಟದ ಬಂಡೆಯ ಮೇಲೆ ಕಾಲಿಡಲಾಗದು ಎನ್ನುತ್ತೇವೆ. ಜಾಗ ಯಾವುದು ಎಂದು ಕೇಳದೆ ತಿಂಗಳು ಹೇಳುವುದಿಲ್ಲ. ಬ್ರಿಟನ್ನಿನಲ್ಲೂ ಒಂದೊಂದು ಜಾಗಕ್ಕೆ ಅದರದೇ ಪಂಚಾಂಗವಿದೆ. ಅದರಲ್ಲಿ ಚಳಿ-ಸೆಕೆಗಿಂತ ತೂಕದ ಸಂಗತಿಗಳು ಬೇರೆ ಇವೆ: ಹಗಲಿನ ಉದ್ದ, ಶಾಲೆಗಳ ರಜೆ, ಹಳೆಯ ಮನೆಗಳ ಬಾಗಿಲು ಮುಚ್ಚುವ ದಿನ, ಸಮುದ್ರದ ಉಬ್ಬರ. ಚಳಿಗೆ ಒಂದು ಕೋಟು ಸಾಕು. ನಾಲ್ಕು ಗಂಟೆಗೆ ಕತ್ತಲಾದರೆ ಯಾವ ಕೋಟೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಹಗಲು

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಹೆಚ್ಚೆಂದರೆ ಒಂದೂವರೆ ಗಂಟೆ. ಸಂಜೆ ಆರು-ಆರೂವರೆಗೆ ಕತ್ತಲು ಎನ್ನುವುದು ವರ್ಷವಿಡೀ ನಡೆಯುವ ಲೆಕ್ಕ. ಅದನ್ನು ಯಾರೂ ಯೋಚಿಸಿ ನೋಡುವುದಿಲ್ಲ. ಲಂಡನ್ನಿನಲ್ಲಿ ಜೂನ್ 21ರ ಸುಮಾರಿಗೆ ಸೂರ್ಯ ಬೆಳಗಿನ 4.43ಕ್ಕೆ ಹುಟ್ಟಿ ರಾತ್ರಿ 9.21ಕ್ಕೆ ಮುಳುಗುತ್ತಾನೆ. ಡಿಸೆಂಬರ್ 21ಕ್ಕೆ 8.04ಕ್ಕೆ ಹುಟ್ಟಿ ಮಧ್ಯಾಹ್ನ 3.53ಕ್ಕೇ ಮುಳುಗುತ್ತಾನೆ. ಅಂತರ ಹತ್ತಿರಹತ್ತಿರ ಒಂಬತ್ತು ಗಂಟೆ. ಎಡಿನ್‌ಬರೋಗೆ ಹೋದರೆ ಇನ್ನೂ ಹೆಚ್ಚು: ಜೂನ್‌ನಲ್ಲಿ ಹದಿನೇಳೂವರೆ ಗಂಟೆಯ ಹಗಲು, ಡಿಸೆಂಬರ್‌ನಲ್ಲಿ ಏಳು ಗಂಟೆ. ಅಂದರೆ ಅದೇ ಏಳು ದಿನದ ಪ್ರವಾಸ, ಅದೇ ಖರ್ಚು, ಆದರೆ ಕೈಗೆ ಸಿಗುವ ಬೆಳಕು ಅರ್ಧಕ್ಕಿಂತ ಕಡಿಮೆ.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ದೀಪಾವಳಿ ರಜೆ ನೋಡಿಕೊಂಡು ಹೊರಡುವವರಿಗೆ. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಲಂಡನ್ನಿನಲ್ಲಿ 5.45ರ ಸುಮಾರಿಗೆ ಮುಳುಗಿದ ಸೂರ್ಯ ಭಾನುವಾರ 4.45ಕ್ಕೇ ಮುಳುಗಿರುತ್ತಾನೆ. ಕೋಟೆಗಳೂ ಅಬ್ಬೆ ಎಂಬ ಹಳೆಯ ಮಠ-ಚರ್ಚುಗಳೂ ಬಹುಪಾಲು ಅದೇ ಸುಮಾರಿಗೆ ಚಳಿಗಾಲದ ವೇಳಾಪಟ್ಟಿಗೆ ಹೊರಳುತ್ತವೆ. ಅದರ ಜೊತೆಗೆ ಕೊನೆಯ ಪ್ರವೇಶ ಎಂಬುದೊಂದಿದೆ. ಬಾಗಿಲು ನಾಲ್ಕಕ್ಕೆ ಮುಚ್ಚುತ್ತದೆ ಎಂದರೆ ಮೂರೂವರೆಗೋ ಮೂರಕ್ಕೋ ಟಿಕೆಟ್ ನಿಂತಿರುತ್ತದೆ. ಬೆಳಿಗ್ಗೆ ನಿಧಾನವಾಗಿ ತಿಂಡಿ ತಿಂದು, ದಾರಿಯಲ್ಲೊಂದು ಹಳ್ಳಿ ನೋಡಿ, ಮೂರೂಕಾಲಕ್ಕೆ ಕೋಟೆಯ ಬಾಗಿಲಿಗೆ ಬಂದ ಕುಟುಂಬ ಅಲ್ಲಿಂದಲೇ ಹಿಂದಿರುಗುವ ದೃಶ್ಯ ನವೆಂಬರ್‌ನಲ್ಲಿ ಅಪರೂಪವೇನಲ್ಲ.

ದಾರಿ ಒಂದೇ: ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿಕೊಂಡು ಬರುವುದು. ಮುಳುಗುವ ಹೊತ್ತು ಯಾವುದು, ಅದಕ್ಕೆ ಮೊದಲು ಕೊನೆಯ ಪ್ರವೇಶ ಯಾವುದು, ಅಲ್ಲಿಗೆ ನಿಲ್ದಾಣದಿಂದ ಎಷ್ಟು ಹೊತ್ತು, ಆ ನಿಲ್ದಾಣಕ್ಕೆ ರೈಲು ಎಷ್ಟು ಹೊತ್ತು. ಹೀಗೆ ಎಣಿಸಿದರೆ ನವೆಂಬರ್‌ನಿಂದ ಜನವರಿವರೆಗೆ ದಿನಕ್ಕೆ ಒಂದೇ ಜಾಗ, ಅದೂ ಪೇಟೆಯೊಳಗಿದ್ದರೆ ವಾಸಿ, ಎಂಬುದು ತಾನಾಗಿ ಹೊಳೆಯುತ್ತದೆ.

ಜೂನ್‌ನ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಹಗಲು ಒಂಬತ್ತೂವರೆವರೆಗೆ ಇದ್ದರೂ ಟಿಕೆಟ್ಟಿನ ಜಾಗಗಳು ಐದು-ಆರಕ್ಕೆ ಮುಚ್ಚಿಬಿಡುತ್ತವೆ. ಹೆಚ್ಚಿನ ನಾಲ್ಕು ಗಂಟೆ ಸಿಗುವುದು ಬಾಗಿಲಿಲ್ಲದ ಜಾಗಗಳಿಗೆ: ಹಳ್ಳಿ, ಗುಡ್ಡ, ಕೆರೆದಂಡೆ, ರೋಮನ್ನರ ಕಾಲದ ಹೇಡ್ರಿಯನ್ ಗೋಡೆ. ಆದ್ದರಿಂದ ಕೋಟೆ-ಅರಮನೆಗಳನ್ನು ಬೆಳಿಗ್ಗೆ ಮುಗಿಸಿ, ಹೊರಾಂಗಣವನ್ನು ಸಂಜೆಗೆ ಇಟ್ಟುಕೊಳ್ಳಬೇಕು. ಕಾಟ್ಸ್‌ವೋಲ್ಡ್ಸ್‌ನ ಬೈಬರಿಯಂಥ ಹಳ್ಳಿಗೆ ಹಗಲು ಹತ್ತರಿಂದ ನಾಲ್ಕರವರೆಗೆ ಪ್ರವಾಸಿಗರ ಸಾಲು. ಆರ್ಲಿಂಗ್ಟನ್ ರೋ ಎಂಬ ಆ ಪುಟ್ಟ ಕಲ್ಲುಮನೆಗಳ ಮುಂದೆ ನಿಲ್ಲಲೂ ಜಾಗವಿರುವುದಿಲ್ಲ. ಸಂಜೆ ಏಳಕ್ಕೆ ಅದೇ ಓಣಿಯಲ್ಲಿ ಹೊಳೆಯ ಸದ್ದು ಕೇಳಿಸುತ್ತದೆ, ಜೇನುಬಣ್ಣದ ಕಲ್ಲಿನ ಮೇಲೆ ಬಿಸಿಲು ಅಡ್ಡಡ್ಡ ಬೀಳುತ್ತಿರುತ್ತದೆ. ಆ ಮನೆಗಳಲ್ಲಿ ಜನ ವಾಸವಾಗಿದ್ದಾರೆ ಎಂಬುದನ್ನು ಮಾತ್ರ ಮರೆಯಬಾರದು.

ಸ್ಟೋನ್‌ಹೆಂಜ್, ಡಿಸೆಂಬರ್, ಮೂರೂವರೆ ಗಂಟೆ

ಹಾಗೆಂದು ಚಳಿಗಾಲವನ್ನು ಪೂರಾ ಹೊಡೆದುಹಾಕಬೇಕಿಲ್ಲ. ಕೆಲವು ಜಾಗಗಳನ್ನು ಆಗಲೇ ನೋಡಬೇಕು, ಅವುಗಳಲ್ಲಿ ಮೊದಲನೆಯದು ಬಯಲಿನಲ್ಲಿ ಪುರಾತನ ಬಂಡೆಗಳನ್ನು ವೃತ್ತವಾಗಿ ನಿಲ್ಲಿಸಿರುವ ಸ್ಟೋನ್‌ಹೆಂಜ್. ಎಲ್ಲರೂ ಹೇಳುವುದು ಜೂನ್ 21ರ ಸೂರ್ಯೋದಯದ ಬಗ್ಗೆ. ಆ ಒಂದು ರಾತ್ರಿ ಕಲ್ಲುಗಳ ನಡುವೆಯೇ ಹೋಗಿ ನಿಲ್ಲಲು ಬಿಡುತ್ತಾರೆ, ದುಡ್ಡಿಲ್ಲ. ಸಾವಿರಾರು ಜನ ಸೇರುತ್ತಾರೆ. ಜಾತ್ರೆ ಬೇಕಾದವರಿಗೆ ಅದು ಸರಿ. ಆದರೆ ಕಟ್ಟಿದವರ ರೇಖೆ ಎರಡು ಕಡೆಗೂ ಇದೆ: ಈಶಾನ್ಯಕ್ಕೆ ಬೇಸಿಗೆಯ ಅಯನದ ಸೂರ್ಯೋದಯ, ಅದೇ ಗೆರೆಯನ್ನು ಹಿಂದಕ್ಕೆ ಎಳೆದರೆ ನೈರುತ್ಯಕ್ಕೆ ಚಳಿಗಾಲದ ಅಯನದ ಸೂರ್ಯಾಸ್ತ. ಎರಡನೆಯದನ್ನು ನೋಡಲು ಬೆಳಗಿನ ಜಾವ ಏಳಬೇಕಿಲ್ಲ.

ಅಯನದ ದಿನಗಳಲ್ಲಿ ಸೂರ್ಯ ಮುಳುಗುವ ಬಿಂದು ದಿಗಂತದ ಮೇಲೆ ಹೆಚ್ಚುಕಡಿಮೆ ನಿಂತೇಬಿಟ್ಟಿರುತ್ತದೆ. ಹಿಂದಿನ ನಾಲ್ಕೈದು ದಿನ, ಮುಂದಿನ ನಾಲ್ಕೈದು ದಿನ ಬರಿಗಣ್ಣಿಗೆ ವ್ಯತ್ಯಾಸ ಕಾಣದು. ಹಾಗಾಗಿ 21ನೇ ತಾರೀಕೇ ಬೇಕೆಂಬ ಹಟ ಬಿಟ್ಟು ಡಿಸೆಂಬರ್ 16ರಿಂದ 27ರ ನಡುವೆ ಮೋಡವಿಲ್ಲದ ಒಂದು ದಿನ ಹಿಡಿದರೆ ಸಾಕು; ಕ್ರಿಸ್‌ಮಸ್ ದಿನ ಮುಚ್ಚಿರುತ್ತದೆ. ಅಲ್ಲಿ ಕೊನೆಯ ಪ್ರವೇಶ ಬಾಗಿಲು ಮುಚ್ಚುವುದಕ್ಕಿಂತ ಎರಡು ಗಂಟೆ ಮೊದಲು, ಅಂದರೆ ಚಳಿಗಾಲದಲ್ಲಿ ಮಧ್ಯಾಹ್ನ ಮೂರು. ಟಿಕೆಟ್ಟಿಗೆ ನಿಗದಿತ ಹೊತ್ತು ಇರುವುದರಿಂದ ಎರಡೂವರೆಯ ಆಸುಪಾಸಿನದನ್ನೇ ಮುಂಗಡವಾಗಿ ತೆಗೆದುಕೊಳ್ಳಬೇಕು. ಸ್ವಾಗತ ಕೇಂದ್ರದಿಂದ ಕಲ್ಲುಗಳಿಗೆ ಸುಮಾರು ಎರಡೂವರೆ ಕಿಲೋಮೀಟರ್; ಅವರದೇ ಬಸ್ಸಿದೆ. ಲಂಡನ್ನಿನ ವಾಟರ್ಲೂನಿಂದ ಸಾಲ್ಸ್‌ಬರಿಗೆ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಮೇಲೆ. ಹನ್ನೊಂದಕ್ಕೆ ಲಂಡನ್ ಬಿಟ್ಟರೂ ನಡೆಯುತ್ತದೆ.

ಮೂರೂವರೆಗೆ ಜನ ಕರಗಿರುತ್ತಾರೆ. ನಡಿಗೆದಾರಿ ಹೀಲ್ ಸ್ಟೋನ್ ಎಂಬ ಒಂಟಿ ಬಂಡೆಯ ಬಳಿ ಬರುತ್ತದೆ. ಅದಕ್ಕೆ ಬೆನ್ನು ಕೊಟ್ಟು ವೃತ್ತದ ಕಡೆ ಮುಖ ಮಾಡಿ ನಿಲ್ಲಬೇಕು. ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನವೂ ಅಲ್ಲಿ ಸೂರ್ಯ ದಿಗಂತದಿಂದ ಸುಮಾರು ಹದಿನೈದು ಡಿಗ್ರಿಗಿಂತ ಮೇಲೇರುವುದಿಲ್ಲ, ನಮ್ಮಲ್ಲಿ ಐದು ಗಂಟೆಯ ಬಿಸಿಲು ಇರುವಷ್ಟೇ. ಆ ಓರೆ ಬೆಳಕಿಗೆ ಕಲ್ಲಿನ ಮೈಯ ಒಂದೊಂದು ಗುಳಿ, ಒಂದೊಂದು ಉಬ್ಬು ಎದ್ದು ಕಾಣುತ್ತದೆ. ಜೂನ್‌ನ ನಡುಹಗಲಲ್ಲಿ ಚಪ್ಪಟೆಯಾಗಿ ಬೂದು ಬಣ್ಣದಲ್ಲಿ ನಿಂತಿದ್ದ ಬಂಡೆಗಳು ಇವೇನಾ ಅನ್ನಿಸುತ್ತದೆ. ಒಂದು ಕಾಲಕ್ಕೆ ಅತಿ ಎತ್ತರದ ಜೋಡಿಕಂಬಗಳ ಸಂದಿಯಲ್ಲಿ ಸೂರ್ಯ ಇಳಿಯುತ್ತಿದ್ದ. ಈಗ ಆ ಜೋಡಿಯಲ್ಲಿ ಒಂದೇ ಕಂಬ ನಿಂತಿದೆ, ತಲೆಯ ಮೇಲೆ ತೊಲೆಕಲ್ಲನ್ನು ಕೂಡಿಸಲು ಬಿಟ್ಟಿದ್ದ ಗುಬುಟು ಇನ್ನೂ ಇದೆ. ನಾಲ್ಕು ಗಂಟೆಗೆ ಅದರ ಪಕ್ಕದಲ್ಲಿ ಕೆಂಪು ಇಳಿಯುತ್ತದೆ. ಬಯಲಿನ ಗಾಳಿ ಮೂಳೆಗೆ ಇಳಿಯುವಂಥದು. ಕೈಗವಸು, ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಕಾಲುಚೀಲ ಬೇಕೇ ಬೇಕು.

ಬಾತ್ ಊರಿನ ರೋಮನ್ ಸ್ನಾನಕೊಳವೂ ಚಳಿಗಾಲದ್ದೇ. ಬುಗ್ಗೆಯ ನೀರು ನೆಲದಿಂದ 46 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೇಲೆ ಬರುತ್ತದೆ, ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು. ಜುಲೈನಲ್ಲಿ ಅದು ಬರೀ ಹಸಿರು ಕೊಳ. ಜನವರಿಯ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋದರೆ ಇಡೀ ಕೊಳದಿಂದ ಹಬೆ ಏಳುತ್ತಿರುತ್ತದೆ, ಸುತ್ತಲಿನ ಕಂಬಗಳು ಅದರಲ್ಲಿ ಅರ್ಧ ಮುಳುಗಿರುತ್ತವೆ. ಎರಡು ಸಾವಿರ ವರ್ಷದ ಹಿಂದೆ ಜನ ಅಲ್ಲಿ ದೇವರನ್ನು ಯಾಕೆ ಕಂಡರು ಎಂಬುದನ್ನು ಆಗ ಯಾರೂ ವಿವರಿಸಬೇಕಾಗಿಲ್ಲ.

ಮಳೆಗೂ ಘಟ್ಟಕ್ಕೂ

ಬ್ರಿಟನ್ನಿನಲ್ಲಿ ವರ್ಷವಿಡೀ ಮಳೆ ಎನ್ನುತ್ತಾರೆ. ಘಟ್ಟದ ಜನಕ್ಕೆ ಇದನ್ನು ಬಿಡಿಸಿ ಹೇಳುವುದು ಸುಲಭ. ಅಲ್ಲಿಯ ಮಳೆಗಾಳಿಯೂ ಪಡುವಣದ್ದೇ, ಬೆಟ್ಟಗಳೂ ಪಡುವಣದಲ್ಲೇ. ಆಗುಂಬೆ ನೆನೆಯುವಾಗ ಚಿತ್ರದುರ್ಗ ಒಣಗಿರುವ ಹಾಗೆ, ಲೇಕ್ ಡಿಸ್ಟ್ರಿಕ್ಟ್‌ನ ಸೀತ್‌ವೇಟ್ ಎಂಬ ಹಳ್ಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿದರೆ, ಪೂರ್ವದ ಕೇಂಬ್ರಿಜ್ ಸೀಮೆಗೆ ಆರುನೂರರ ಆಸುಪಾಸು. ಬೇರೆ ಇರುವುದು ಕಾಲ. ಪಡುವಣದ ಬೆಟ್ಟಗಳಲ್ಲಿ ಶರತ್ಕಾಲ, ಚಳಿಗಾಲಗಳಲ್ಲಿ ಅತಿ ಹೆಚ್ಚು ಮಳೆ; ಏಪ್ರಿಲ್, ಮೇ, ಜೂನ್ ಅತಿ ಕಡಿಮೆ. ಜುಲೈ ನಡುವಿನಿಂದ ಮತ್ತೆ ಏರುತ್ತದೆ. ಬೇಸಿಗೆ ಅಂದುಕೊಂಡು ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಗಳಿಗೆ ಹೋಗುವವರು ಮೇ ತಿಂಗಳಿಗಿಂತ ಹೆಚ್ಚು ಮಳೆಯಲ್ಲಿ ನೆನೆಯುತ್ತಾರೆ.

ಅದರ ಮೇಲೆ ಮಿಜ್ ಕಾಟ. ಗುಂಗುರಿಗಿಂತ ಚಿಕ್ಕ ಈ ನೊಣ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ, ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಮೋಡಮೋಡವಾಗಿ ಏಳುತ್ತದೆ. ಬೆಳಗಿನ ಜಾವ ಮತ್ತು ಸಂಜೆ, ಗಾಳಿಯಿಲ್ಲದ ಮೋಡದ ಹೊತ್ತು ಅದಕ್ಕೆ ಪ್ರಿಯ. ಗಂಟೆಗೆ ಹತ್ತು-ಹನ್ನೆರಡು ಕಿಲೋಮೀಟರಿನ ಗಾಳಿ ಬೀಸಿದರೆ ಹಾರಲಾರದು. ಹಾಗಾಗಿ ಊಟಕ್ಕೆ ಕೆರೆಯ ಪಕ್ಕದ ಗಾಳಿಮರೆ ಹುಡುಕಬಾರದು, ಗಾಳಿಗೆ ಒಡ್ಡಿಕೊಂಡ ದಿಬ್ಬವನ್ನೇ ಹುಡುಕಬೇಕು.

ಆಗಸ್ಟ್‌ನ ಎಡಿನ್‌ಬರೋ ಬೇರೆಯೇ ಕಥೆ. 1947ರಲ್ಲಿ ಶುರುವಾದ ಉತ್ಸವಗಳು ಇಡೀ ತಿಂಗಳನ್ನು ತುಂಬಿಕೊಳ್ಳುತ್ತವೆ, ಕೋಣೆಗಳ ಬಾಡಿಗೆ ಎರಡು-ಮೂರು ಪಟ್ಟು ಏರುತ್ತದೆ. ನಾಟಕ-ಹಾಸ್ಯ ನೋಡಲು ಬಂದವರಿಗೆ ಅದು ಸಾರ್ಥಕ. ಕೋಟೆ, ಹಳೆಯ ಪೇಟೆ ನೋಡಲು ಬಂದವರಿಗೆ ಮೇ ತಿಂಗಳೇ ಸರಿ. ಕೋಟೆಯ ಒಂದು ಗಂಟೆಯ ತೋಪು 1861ರಿಂದ ಹಾರುತ್ತಿದೆ. ಭಾನುವಾರ ಹಾರಿಸುವುದಿಲ್ಲ, ಆ ದಿನ ಬಿಟ್ಟು ಹೋಗಿ. ಒಟ್ಟಿನಲ್ಲಿ ಸ್ಕಾಟ್ಲೆಂಡಿಗೆ ನನ್ನ ಆಯ್ಕೆ ಮೇ ಮೊದಲ ಮೂರು ವಾರ. ಮಳೆ ಕಡಿಮೆ, ಮಿಜ್ ಇನ್ನೂ ಎದ್ದಿಲ್ಲ, ಹಗಲು ಹದಿನಾರು ಗಂಟೆ. ಒಂದೇ ಎಚ್ಚರಿಕೆ: 1,345 ಮೀಟರಿನ ಬೆನ್ ನೆವಿಸ್ ತುದಿಯಲ್ಲಿ ಮೇ ತಿಂಗಳಲ್ಲೂ ಹಿಮ ಇರುತ್ತದೆ, ದಾರಿ ಮುಚ್ಚಿಹೋಗಿ ಬಂಡೆಯ ಅಂಚು ಗೊತ್ತಾಗುವುದಿಲ್ಲ. ಕೆಳಗೆ ನಿಂತು ಬಿಸಿಲು ನೋಡಿ ಕ್ಯಾನ್ವಾಸ್ ಶೂ ಹಾಕಿ ಹತ್ತುವುದು ಬೇಡ.

ಹೂವಿನ ವಾರಗಳು

ಹಳ್ಳಿಗಾಡಿನ ಚೆಲುವು ತಿಂಗಳ ಲೆಕ್ಕದಲ್ಲಿ ಸಿಗುವುದಿಲ್ಲ, ವಾರದ ಲೆಕ್ಕದಲ್ಲಿ ಸಿಗುತ್ತದೆ. ವರ್ಡ್ಸ್‌ವರ್ತ್ ಮತ್ತು ತಂಗಿ ಡೊರೊತಿ ಉಲ್ಸ್‌ವಾಟರ್ ಕೆರೆಯ ದಂಡೆಯಲ್ಲಿ ಡ್ಯಾಫೊಡಿಲ್ ಹೂಗಳ ಸಾಲು ಕಂಡದ್ದು 1802ರ ಏಪ್ರಿಲ್ 15ರಂದು. ನಮ್ಮ ಶಾಲೆಗಳಲ್ಲಿ ಆ ಪದ್ಯ ಬಾಯಿಪಾಠ ಮಾಡಿದವರು ಜುಲೈನಲ್ಲಿ ಅಲ್ಲಿಗೆ ಹೋಗಿ ಹೂವೆಲ್ಲಿ ಎಂದು ಕೇಳುತ್ತಾರೆ. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ, ಅಷ್ಟೇ. ಆ ಕಾಡು ಹೂ ಉದ್ಯಾನದ ತಳಿಗಿಂತ ಗಿಡ್ಡ, ಬಣ್ಣವೂ ಪೇಲವ.

ಅದು ಮುಗಿಯುತ್ತಿದ್ದಂತೆ ಬ್ಲೂಬೆಲ್. ಏಪ್ರಿಲ್ ಮೂರನೇ ವಾರದಿಂದ ಮೇ ನಡುವಿನವರೆಗೆ, ಬೀಚ್ ಮರಗಳ ಎಲೆ ಪೂರ್ತಿ ಬಿಚ್ಚಿ ನೆರಳು ಕವಿಯುವ ಮೊದಲು, ಕಾಡಿನ ನೆಲವೆಲ್ಲ ನೇರಳೆ-ನೀಲಿ. ಪ್ರಪಂಚದ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧ ಈ ಒಂದು ದೇಶದಲ್ಲಿವೆ. ದಯವಿಟ್ಟು ದಾರಿ ಬಿಟ್ಟು ಫೋಟೋಗಾಗಿ ಹೂವಿನ ನಡುವೆ ಹೋಗಬೇಡಿ. ತುಳಿದ ಎಲೆ ಮತ್ತೆ ಆಹಾರ ಕೂಡಿಡಲಾರದು, ಗೆಡ್ಡೆ ಸೊರಗುತ್ತದೆ, ಆ ತುಂಡು ನೆಲ ಚೇತರಿಸಿಕೊಳ್ಳಲು ವರ್ಷಗಳು ಬೇಕು. ಬಸವ ಜಯಂತಿ ಬರುವುದೂ ಇದೇ ಸುಮಾರಿಗೆ. ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಮೂರ್ತಿಗೆ ನಮಸ್ಕರಿಸಿ, ಮರುದಿನ ಉತ್ತರಕ್ಕೆ ಆಶ್‌ರಿಜ್ ಕಾಡಿಗೆ ಹೋಗಿಬಂದರೆ ಎರಡೂ ಒದಗುತ್ತವೆ.

ಯಾರ್ಕ್‌ಶೈರ್ ಡೇಲ್ಸ್‌ನ ಮ್ಯೂಕರ್ ಹಳ್ಳಿಯ ಹುಲ್ಲುಗಾವಲುಗಳು ಜೂನ್‌ನಲ್ಲಿ ಹೂವಿನಿಂದ ಕಿಕ್ಕಿರಿಯುತ್ತವೆ, ಜುಲೈನಲ್ಲಿ ಕುಯಿಲು. ಕಲ್ಲುಹಾಸಿನ ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಏಕೆಂದರೆ ಪಕ್ಕದ್ದು ರೈತನ ದನಕ್ಕೆ ಚಳಿಗಾಲದ ಮೇವು. ನಾರ್ತ್ ಯಾರ್ಕ್ ಮೂರ್ಸ್‌ನ ಹೆದರ್ ಎಂಬ ಕುರುಚಲು ಗಿಡ ಹಬ್ಬಿದ ಬೆಟ್ಟಗಳಿಗೆ ನೇರಳೆ ಬಣ್ಣ ಬರುವುದು ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ನಾರ್ಥಂಬರ್ಲೆಂಡ್ ಕರಾವಳಿಯ ಫಾರ್ನ್ ದ್ವೀಪಗಳ ಪಫಿನ್ ಹಕ್ಕಿಗಳು ಜುಲೈ ಕೊನೆಗೆ ಸಮುದ್ರಕ್ಕೆ ಹೊರಟುಹೋಗುತ್ತವೆ. ಆಗಸ್ಟ್‌ನಲ್ಲಿ ದೋಣಿ ಹತ್ತುವ ಮಕ್ಕಳ ನಿರಾಸೆ ನೋಡಲಾಗದು.

ರಜೆ, ಭಾನುವಾರ, ಮುಚ್ಚಿದ ಬಾಗಿಲು

ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್-ಮೇ ಆಗಿರುವುದು ಕನ್ನಡದ ಕುಟುಂಬಗಳ ಭಾಗ್ಯ ಎಂದೇ ಹೇಳಬೇಕು. ಇಂಗ್ಲೆಂಡಿನ ಶಾಲೆಗಳ ದೊಡ್ಡ ರಜೆ ಜುಲೈ ಕೊನೆಯ ವಾರದಿಂದ ಸೆಪ್ಟೆಂಬರ್ ಮೊದಲವರೆಗೆ. ನಾವು ಹೋಗುವಾಗ ಅವರ ಮಕ್ಕಳು ತರಗತಿಯಲ್ಲಿರುತ್ತಾರೆ. ತಪ್ಪಿಸಬೇಕಾದ್ದು ಈಸ್ಟರ್ ಆಸುಪಾಸಿನ ಎರಡು ವಾರ, ಮೇ ಮೊದಲ ಸೋಮವಾರದ ರಜೆ, ಮೇ ಕೊನೆಯ ಸೋಮವಾರದಿಂದ ಇಡೀ ವಾರದ ನಡುವಾರ್ಷಿಕ ರಜೆ. ಆ ದೀರ್ಘ ವಾರಾಂತ್ಯಗಳಲ್ಲೇ ರೈಲು ಹಳಿಗಳ ದುರಸ್ತಿ ಇಟ್ಟುಕೊಳ್ಳುತ್ತಾರೆ, ಅರ್ಧ ದಾರಿ ಬಸ್ಸಿನಲ್ಲಿ ಸಾಗಿಸುತ್ತಾರೆ. ಡಿಸೆಂಬರ್ 25ಕ್ಕೆ ರೈಲೇ ಇಲ್ಲ. ಹಳ್ಳಿಗಳ ಬಸ್ಸು ಭಾನುವಾರ ಹೆಚ್ಚಿನ ಕಡೆ ಇರುವುದಿಲ್ಲ.

ವಾರದ ದಿನವೂ ಮುಖ್ಯ. ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಸೇಂಟ್ ಪಾಲ್ಸ್ ಭಾನುವಾರ ಪ್ರಾರ್ಥನೆಗೆ ಮಾತ್ರ. ಸಂಜೆಯ ಹಾಡುಪ್ರಾರ್ಥನೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ದುಡ್ಡಿಲ್ಲ. ಆ ಕಟ್ಟಡಗಳನ್ನು ಯಾಕೆ ಅಷ್ಟು ಎತ್ತರ ಕಟ್ಟಿದರು ಎಂಬುದು ಆ ದನಿ ಮೇಲೇರುವಾಗ ತಿಳಿಯುತ್ತದೆ. ಕೇಂಬ್ರಿಜ್‌ನ ಹಲವು ಕಾಲೇಜುಗಳು ಪರೀಕ್ಷೆಯ ಕಾಲವಾದ ಮೇ-ಜೂನ್‌ನಲ್ಲಿ ಪ್ರವಾಸಿಗರಿಗೆ ಮುಚ್ಚಿರುತ್ತವೆ. ವಿಂಡ್ಸರ್ ಕೋಟೆಗೆ ಸಾಮಾನ್ಯವಾಗಿ ಮಂಗಳವಾರ, ಬುಧವಾರ ರಜೆ. ಶ್ರೀರಂಗಪಟ್ಟಣದಿಂದ 1799ರಲ್ಲಿ ಹೋದ, ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆ ಅಲ್ಲಿದೆ. ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅದು ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುವುದರಿಂದ ಚಿಕ್ಕ ಹಗಲಿನ ದಿನಗಳಲ್ಲಿ ಆ ಸಂಜೆಗೆ ಇಟ್ಟುಕೊಳ್ಳಿ.

ಟಿಪ್ಪುವಿನ ಹೂಬಳ್ಳಿಯ ಡೇರೆ ಇರುವುದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ. ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುವ ಇಂಥ ಹಳೆಯ ಮನೆಗಳಲ್ಲಿ ಬಹಳಷ್ಟು ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳಭಾಗವನ್ನು ಮುಚ್ಚುತ್ತವೆ, ಇಲ್ಲವೇ ಕೆಲವೇ ಕೋಣೆಗಳನ್ನು ತೆರೆಯುತ್ತವೆ. ತೋಟ ಮಾತ್ರ ತೆರೆದಿರುತ್ತದೆ. ಇದನ್ನು ಸೋಮಾರಿತನ ಎಂದುಕೊಳ್ಳಬಾರದು. ಹಳೆಯ ಬಟ್ಟೆಗೆ, ಬೆಳಕಿನ ಅಳತೆಯಾದ ಲಕ್ಸ್ ಲೆಕ್ಕದಲ್ಲಿ, 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು ರೂಢಿ. ಮೋಡದ ದಿನವೂ ಕಿಟಕಿಯಾಚೆ ಸಾವಿರಾರು ಲಕ್ಸ್ ಇರುತ್ತದೆ. ಬಿದ್ದ ಬೆಳಕೆಲ್ಲ ವರ್ಷದ ಲೆಕ್ಕಕ್ಕೆ ಸೇರುತ್ತದೆ, ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಚಳಿಗಾಲದಲ್ಲಿ ಪರದೆ ಎಳೆದು, ಜಮಖಾನ ಸುತ್ತಿಟ್ಟು, ಪುಸ್ತಕಗಳ ಧೂಳು ಒಂದೊಂದಾಗಿ ಒರೆಸುತ್ತಾರೆ. ತೆರೆದಿರುವಾಗ ಹೋದರೂ ಒಳಗೆ ಮಬ್ಬು. ಎರಡು-ಮೂರು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಂಡು ಬಣ್ಣಗಳು ಮೇಲೆ ಬರುತ್ತವೆ.

ಉಬ್ಬರದ ರಸ್ತೆ

ತಿಂಗಳು, ವಾರ, ದಿನ ಎಲ್ಲ ಸರಿಹೋದರೂ ಗಂಟೆ ತಪ್ಪಿದರೆ ಕೆಡುವ ಜಾಗ ಲಿಂಡಿಸ್‌ಫಾರ್ನ್. 635ರಲ್ಲಿ ಸನ್ಯಾಸಿಗಳು ಮಠ ಕಟ್ಟಿದ, 793ರಲ್ಲಿ ವೈಕಿಂಗರು ಕೊಳ್ಳೆ ಹೊಡೆದ ಈ ದ್ವೀಪಕ್ಕೆ ಹೋಗುವ ಡಾಂಬರು ರಸ್ತೆ ದಿನಕ್ಕೆ ಎರಡು ಸಲ ಕಡಲಡಿಗೆ ಹೋಗುತ್ತದೆ, ಪ್ರತಿ ಸಲ ಸುಮಾರು ಐದಾರು ಗಂಟೆ. ನಮ್ಮ ಕರಾವಳಿಯವರಿಗೆ ಉಬ್ಬರ-ಇಳಿತ ಹೊಸದಲ್ಲ, ಆದರೆ ಮಂಗಳೂರಿನಲ್ಲಿ ನೀರು ಏರಿಳಿಯುವುದು ಎರಡು ಮೀಟರಿನೊಳಗೆ. ಅಲ್ಲಿ ನಾಲ್ಕು ಮೀಟರಿಗೂ ಹೆಚ್ಚು. ಅದೂ ಅಗಲವಾದ ಚಪ್ಪಟೆ ಮರಳಿನ ಮೇಲೆ, ಸದ್ದಿಲ್ಲದೆ, ಎರಡೂ ಕಡೆಯಿಂದ. ಮುಂದಿನ ಕಾರು ದಾಟಿತು, ನೀರು ಚಕ್ರದ ಅರ್ಧದಷ್ಟೇ ಇದೆ ಎಂದು ನುಗ್ಗಿದವರ ಎಂಜಿನ್ ನಡುವೆ ನಿಲ್ಲುತ್ತದೆ. ಅಂಥವರಿಗಾಗಿಯೇ ರಸ್ತೆಯ ಪಕ್ಕ ಕಂಬಗಳ ಮೇಲೆ ಒಂದು ಬಿಳಿ ಗೂಡು ಕಟ್ಟಿದ್ದಾರೆ. ಅದರ ಮೆಟ್ಟಿಲಲ್ಲಿ ಕುಳಿತು, ತಮ್ಮ ಕಾರಿನ ಗಾಜಿನವರೆಗೆ ನೀರು ಏರುವುದನ್ನು ನೋಡುತ್ತ ರಕ್ಷಣಾ ದೋಣಿಗೆ ಕಾಯುವ ಪ್ರವಾಸಿಗರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ನಾರ್ಥಂಬರ್ಲೆಂಡ್ ಕೌಂಟಿ ಆಡಳಿತ ದಾಟಲು ಸುರಕ್ಷಿತವಾದ ಹೊತ್ತುಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ. ಅದನ್ನೇ ನೋಡಬೇಕು. ಸಾಮಾನ್ಯ ಉಬ್ಬರದ ಪಟ್ಟಿಗಳು ಹಲವು ವೇಳೆ ಗ್ರೀನಿಚ್ ಸಮಯದಲ್ಲಿರುತ್ತವೆ. ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಲು ಮರೆತರೆ ಲೆಕ್ಕ ತಪ್ಪುತ್ತದೆ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದರಿಂದ ತಿಥಿ ನೋಡಿಯೂ ಅಂದಾಜು ಮಾಡಬಹುದು: ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ರಸ್ತೆ ಮಧ್ಯಾಹ್ನದ ಹೊತ್ತು ಮುಳುಗಿರುತ್ತದೆ, ಅಷ್ಟಮಿ ಕಳೆದ ದಿನಗಳಲ್ಲಿ ಬೆಳಿಗ್ಗೆ ಮುಳುಗಿ ಮಧ್ಯಾಹ್ನ ತೆರೆದಿರುತ್ತದೆ. ದಿನದ ಮಟ್ಟಿಗೆ ಹೋಗಿಬರುವವರಿಗೆ ಅಷ್ಟಮಿಯ ವಾರ ಅನುಕೂಲ. ಟಿಕೆಟ್ ತೆಗೆಸುವಾಗಿನ ಅಂದಾಜಿಗೆ ಇದು ಸಾಕು, ದಾಟುವ ದಿನ ಮಾತ್ರ ಪಟ್ಟಿಯೇ ಪ್ರಮಾಣ.

ಸಾಧ್ಯವಾದರೆ ಲೆಕ್ಕವನ್ನು ತಿರುಗಿಸಿ: ರಸ್ತೆ ಮುಚ್ಚುವ ಮೊದಲು ಒಳಗೆ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ. ದ್ವೀಪದಲ್ಲಿ ವಾಸ ಇರುವವರು ಇನ್ನೂರಕ್ಕಿಂತ ಕಡಿಮೆ, ಕೋಣೆಗಳೂ ಕೆಲವೇ. ಮೇ-ಜೂನ್‌ಗೆ ತಿಂಗಳುಗಟ್ಟಲೆ ಮೊದಲು ಕಾದಿರಿಸಬೇಕು, ರಾತ್ರಿಯ ಊಟವನ್ನೂ ಮೊದಲೇ ಹೇಳಿಡಬೇಕು. ಕೊನೆಯ ಕಾರು ಆಚೆ ಹೋಗಿ ರಸ್ತೆಯ ಮೇಲೆ ನೀರು ಕೂಡಿಕೊಂಡ ಮೇಲೆ ಜೂನ್‌ನಲ್ಲಿ ಇನ್ನೂ ಮೂರು ಗಂಟೆ ಬೆಳಕಿರುತ್ತದೆ. ಮಠದ ಕೆಂಪು ಕಲ್ಲಿನ ಕಮಾನುಗಳನ್ನು ಪಕ್ಕದ ದಿಬ್ಬದಿಂದ ನೋಡಬಹುದು, ಆಚೆಯ ಮರಳುದಿಣ್ಣೆಗಳ ಮೇಲೆ ಮಲಗಿದ ಸೀಲ್‌ಗಳು ಊಳಿಡುವುದು ಗಾಳಿಯ ದಿಕ್ಕಿದ್ದರೆ ಊರಿನವರೆಗೂ ಕೇಳುತ್ತದೆ.